ನಿಯಮವೂ ಅಪವಾದವೂ

ಮಾನವನ ತಿಳಿವಳಿಕೆ ಎಂದಿಗೂ ಸಂಪೂರ್ಣವಲ್ಲ. ಆದರೂ ಅವನು ದಿನದಿನವೂ ನಿರ್ಣಯಗಳನ್ನು ಕೈಗೊಳ್ಳಲೇಬೇಕು. ಮೈಸೂರಿನಿಂದ ನಂಜನಗೂಡಿಗೆ ಹೊರಡುವ ಪ್ರಯಾಣಿಕನು ರಸ್ತೆ ತೆರೆದಿದೆಯೇ ಎಂದು ಪ್ರತಿಸಲವೂ ವಿಚಾರಿಸುವುದಿಲ್ಲ. ತೆರೆದಿರುತ್ತದೆಂದೇ ಭಾವಿಸಿ ಹೊರಡುತ್ತಾನೆ. ಆದರೆ 2019ರ ಆಗಸ್ಟ್ ತಿಂಗಳಲ್ಲಿ ಕಪಿಲಾ ನದಿಯ ಪ್ರವಾಹವು ಮಲ್ಲನಮೂಲೆ ಮಠದ ಬಳಿ ಆ ಹೆದ್ದಾರಿಯನ್ನು ಆವರಿಸಿತು; ಸಂಚಾರ ನಿಂತುಹೋಯಿತು. ಪ್ರವಾಹದ ಸುದ್ದಿ ತಿಳಿದವನು ತನ್ನ ಮೊದಲಿನ ಭಾವನೆಯನ್ನು ಕೈಬಿಡಬೇಕಾಯಿತು. ವಿರುದ್ಧವಾದ ಸಂಗತಿ ತಿಳಿದುಬರುವವರೆಗೆ ಸಾಮಾನ್ಯವಾದುದನ್ನೇ ನಿಜವೆಂದು ಗ್ರಹಿಸುವ ಈ ಕ್ರಮಕ್ಕೆ ಗಣಕವಿಜ್ಞಾನದಲ್ಲಿ ‘ಡಿಫಾಲ್ಟ್ ತರ್ಕ’ವೆಂದು ಹೆಸರು.

ಈ ಕ್ರಮವು ನಮ್ಮ ನಾಡಿಗೆ ಹೊಸದಲ್ಲ. ಸಾಮಾನ್ಯ ನಿಯಮವನ್ನು ‘ಉತ್ಸರ್ಗ’ವೆಂದೂ ಅದನ್ನು ತಡೆಯುವ ವಿಶೇಷ ನಿಯಮವನ್ನು ‘ಅಪವಾದ’ವೆಂದೂ ನಮ್ಮ ವೈಯಾಕರಣರು ಕರೆದರು. ಊರು, ಊರು ಎಂಬ ಪದಗಳು ಸೇರಿ ‘ಊರೂರು’ ಆಗುತ್ತದೆ. ಬೇರೆ, ಒಬ್ಬ ಎಂಬುವು ಸೇರಿ ‘ಬೇರೊಬ್ಬ’ ಆಗುತ್ತದೆ. ಸ್ವರಕ್ಕೆ ಸ್ವರ ಪರವಾದರೆ ಸಂಧಿಯಾಗುವುದು ಸಾಮಾನ್ಯ ನಿಯಮ. ಆದರೆ ದೂರದಲ್ಲಿರುವವನನ್ನು ‘ಅಣ್ಣಾ, ಓಡಿ ಬಾ’ ಎಂದು ಕೂಗುವಾಗ ಸಂಧಿಯಾಗುವುದಿಲ್ಲ. ಅದು ಪ್ರಕೃತಿಭಾವ. ಅಪವಾದವು ತನ್ನ ಎಡೆಯಲ್ಲಿ ಮಾತ್ರ ನಿಯಮವನ್ನು ತಡೆಯುತ್ತದೆ. ಉಳಿದೆಡೆ ನಿಯಮವು ಅಬಾಧಿತವಾಗಿ ನಡೆಯುತ್ತದೆ.

ಲೋಕವ್ಯವಹಾರದಲ್ಲಿಯೂ ಇದು ಹೀಗೆಯೇ. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಯುವುದು ವಾಡಿಕೆ. ಕೊರೊನಾ ಪಿಡುಗಿನ ಕಾರಣದಿಂದ 2022ರಲ್ಲಿ ಅದು ನಡೆಯಲಿಲ್ಲ. ಹಾಗೆಂದು ವಾಡಿಕೆಯೇ ಅಳಿಯಿತೆಂದು ಯಾರೂ ಹೇಳಲಿಲ್ಲ. 2025ರ ಫೆಬ್ರವರಿಯಲ್ಲಿ ಮೇಳವು ಮತ್ತೆ ನೆರೆಯಿತು.

ರೇಖಾಗಣಿತದ ಮಾರ್ಗ ಬೇರೆ. ಅಲ್ಲಿ ಒಮ್ಮೆ ಸಾಧಿಸಿದ ಪ್ರಮೇಯವು ಎಷ್ಟೇ ಹೊಸ ಸಂಗತಿಗಳು ಸೇರಿದರೂ ಸುಳ್ಳಾಗುವುದಿಲ್ಲ. ಡಿಫಾಲ್ಟ್ ತರ್ಕದ ನಿರ್ಣಯವಾದರೋ ಹೊಸ ಸಂಗತಿಯೊಂದು ಬಂದಾಗ ಹಿಂದೆ ಸರಿಯಬಹುದು. ‘ಇದು ಹಕ್ಕಿ’ ಎಂದಷ್ಟೇ ತಿಳಿದಾಗ ಅದು ಹಾರುತ್ತದೆಂದು ಭಾವಿಸುತ್ತೇವೆ. ‘ಇದು ಉಷ್ಟ್ರಪಕ್ಷಿ’ ಎಂದು ತಿಳಿದೊಡನೆ ಆ ಮಾತನ್ನು ಬಿಡುತ್ತೇವೆ. ಇಂತಹ ಅನುಮಾನಕ್ಕೆ ಗಣಿತದ ಶಿಸ್ತನ್ನು ತಂದುಕೊಟ್ಟವರಲ್ಲಿ ಕೆನಡಾದ ವಿಜ್ಞಾನಿ ರೇಮಂಡ್ ರೈಟರ್ ಪ್ರಮುಖರು. ಅವರ ಪ್ರಸಿದ್ಧ ಪ್ರಬಂಧವು 1980ರಲ್ಲಿ ಪ್ರಕಟವಾಯಿತು.

ಗಣಕಯಂತ್ರಕ್ಕೆ ತಂತ್ರಾಂಶವನ್ನು ರಚಿಸುವ ಮೊದಲು ಅದು ಏನು ಮಾಡಬೇಕೆಂಬುದನ್ನು ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಬರೆದಿಡಬೇಕು. ಮನೆ ಕಟ್ಟುವ ಮೊದಲು ನಕ್ಷೆಯನ್ನು ಬರೆಯುವಂತೆಯೇ ಇದು. ಆದರೆ ಎಲ್ಲವನ್ನೂ ಬರೆಯಹೊರಟರೆ ಬರವಣಿಗೆಗೆ ಕೊನೆಯೆಲ್ಲಿ? ಒಬ್ಬ ವಿದ್ಯಾರ್ಥಿಯ ವಿಳಾಸವನ್ನು ಬದಲಿಸುವಾಗ ಅವನ ಹೆಸರು, ವಯಸ್ಸು, ಅಂಕಗಳು ಬದಲಾಗಬಾರದೆಂದು ಒಂದೊಂದನ್ನೂ ಹೇಳಬೇಕೆ? ‘ಹೇಳಿದ್ದನ್ನುಳಿದು ಮತ್ತಾವುದೂ ಬದಲಾಗದು’ ಎಂಬ ಒಂದೇ ಸಾಮಾನ್ಯ ನಿಯಮವು ಆ ಭಾರವನ್ನು ಇಳಿಸುತ್ತದೆ. ಬೋರ್ಗಿಡಾ, ಮೈಲೊಪೌಲಸ್ ಮತ್ತು ರೈಟರ್ ಅವರು 1993ರಲ್ಲಿ ಈ ಸಮಸ್ಯೆಯನ್ನೇ ವಿವೇಚಿಸಿದರು.

ಸಾಮಾನ್ಯ ನಿಯಮವು ಇಷ್ಟು ಉಪಕಾರಿಯಾದರೂ ಅದನ್ನು ಆರಿಸುವಾಗ ಎಚ್ಚರ ಬೇಕು. ನದೀತೀರದ ರಸ್ತೆಗಳ ಸ್ಥಿತಿಯನ್ನು ಶಾಲಾವಾಹನಗಳಿಗೆ ತಿಳಿಸುವ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳೋಣ. ‘ಪ್ರವಾಹದ ಎಚ್ಚರಿಕೆ ಬಾರದಿದ್ದರೆ ರಸ್ತೆ ತೆರೆದಿದೆ’ ಎಂದು ಅದರಲ್ಲಿ ಬರೆದಿದೆಯೆನ್ನೋಣ. ನಂಜನಗೂಡಿನಲ್ಲಿ ಬಿಸಿಲು ಕಾಯುತ್ತಿದ್ದರೂ ಕೇರಳದ ವಯನಾಡಿನಲ್ಲಿ ಸುರಿದ ಮಳೆಯಿಂದ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬಬಹುದು. ಅಲ್ಲಿಂದ ಬಿಟ್ಟ ನೀರು ದಡ ಮೀರಬಹುದು. ಆ ಹೊತ್ತಿಗೆ ವರ್ತಮಾನ ತರುವ ತಂತಿ ಕಡಿದಿದ್ದರೆ ಎಚ್ಚರಿಕೆ ಬಾರದು. ಯಂತ್ರವು ಮಾತ್ರ ‘ತೆರೆದಿದೆ’ ಎಂದೇ ಹೇಳುತ್ತದೆ. ‘ಎಚ್ಚರಿಕೆ ಬಂದಿಲ್ಲ’ ಎಂಬುದೂ ‘ಅಪಾಯವಿಲ್ಲ’ ಎಂಬುದೂ ಒಂದೇ ಅಲ್ಲ. ಮಕ್ಕಳ ಪ್ರಾಣವು ಈ ಎರಡು ಮಾತುಗಳ ಅಂತರದಲ್ಲಿ ನಿಂತಿದೆ.

ಆದುದರಿಂದ ನಿಯಮವನ್ನು ತಿರುಗಿಸಿ ಬರೆಯಬೇಕು: ‘ನೀರಿನ ಮಟ್ಟ ಸುರಕ್ಷಿತವೆಂಬ ವರ್ತಮಾನವು ನಿಗದಿಯಾದ ವೇಳೆಯೊಳಗೆ ಬಂದಿದ್ದರೆ ಮಾತ್ರ ರಸ್ತೆ ತೆರೆದಿದೆ, ಇಲ್ಲವಾದರೆ, ವಿಚಾರಿಸಿ ತಿಳಿಯುವವರೆಗೆ, ಮುಚ್ಚಿದೆ.’ ನರಸೀಪುರದ ಸಂಗಮದಲ್ಲಿ ಈ ವರ್ತಮಾನವು ಕಪಿಲೆಯಿಂದಷ್ಟೇ ಬಂದರೆ ಸಾಲದು. ಅಲ್ಲಿಗೆ ಕನ್ನಂಬಾಡಿ ಅಣೆಕಟ್ಟಿನಿಂದ ಬಿಟ್ಟ ಕಾವೇರಿಯ ನೀರೂ ಬರುತ್ತದೆ. ಎರಡರಲ್ಲಿ ಒಂದು ಮೌನವಾಗಿದ್ದರೂ ರಸ್ತೆ ಮುಚ್ಚಿದೆಯೆಂದೇ ಎಣಿಸಬೇಕು.

ರೈಲ್ವೆಯ ಹಳೆಯ ಕೈಕಂಬಗಳನ್ನು ನಿರ್ಮಿಸಿದವರು ಈ ವಿವೇಕವನ್ನು ಬಲ್ಲವರಾಗಿದ್ದರು. ಎಳೆಯುವ ತಂತಿ ತುಂಡಾದರೆ ಕೈಮರವು ತಾನಾಗಿಯೇ ‘ನಿಲ್ಲು’ ಎಂಬ ಸ್ಥಿತಿಗೆ ಮರಳುತ್ತಿತ್ತು.

ರಸಬಾಳೆ ಸಿಹಿಯೆಂದು ನಂಬಿ ಕೊಂಡ ಹಣ್ಣು ರುಚಿಸದಿದ್ದರೆ ನಷ್ಟ ಅಲ್ಪ. ಹೊಳೆ ಶಾಂತವೆಂದು ನಂಬಿ ಇಳಿದರೆ ನಷ್ಟಕ್ಕೆ ಪರಿಹಾರವಿಲ್ಲ. ಊಹೆಯಿಲ್ಲದೆ ಬಾಳು ಸಾಗದು. ಆದರೆ ಊಹೆ ತಪ್ಪಿದಾಗ ಅದರ ಫಲವನ್ನು ಯಾರು ಅನುಭವಿಸಬೇಕಾಗುತ್ತದೆಂಬುದನ್ನು ಮೊದಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ನಿಯಮವನ್ನು ರೂಪಿಸುವುದು ವಿವೇಕಿಗಳ ಲಕ್ಷಣ.

ಅಭ್ಯಾಸ

1. ಉತ್ಸರ್ಗ ಮತ್ತು ಅಪವಾದಗಳ ಸಂಬಂಧವನ್ನು ಸಂಧಿಯ ಉದಾಹರಣೆಯಿಂದ ವಿವರಿಸಿರಿ.
2. ಡಿಫಾಲ್ಟ್ ತರ್ಕಕ್ಕೂ ರೇಖಾಗಣಿತದ ಸಾಧನೆಗೂ ಇರುವ ವ್ಯತ್ಯಾಸವೇನು?
3. ‘ಎಚ್ಚರಿಕೆ ಬಂದಿಲ್ಲ ಎಂಬುದೂ ಅಪಾಯವಿಲ್ಲ ಎಂಬುದೂ ಒಂದೇ ಅಲ್ಲ.’ ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ.
4. ನಿಮ್ಮ ಊರಿನ ಒಂದು ವಾಡಿಕೆಯನ್ನೂ ಅದಕ್ಕಿರುವ ಅಪವಾದಗಳನ್ನೂ ಐದು ವಾಕ್ಯಗಳಲ್ಲಿ ಬರೆಯಿರಿ.