ಕೌಜುಗದ ಮರಿಗಳ ಕುಕ್ಕಾಟ: ಬ್ರೂಡರ್ ಕಲಿಸಿದ ಪಾಠಗಳು

ಜಪಾನಿ ಕೌಜುಗದ ಮರಿ ಹುಟ್ಟಿದಾಗ ತೂಗುವುದು ಬರೀ 7–8 ಗ್ರಾಂ. ಆ ಪುಟ್ಟ ಜೀವಗಳು ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ ಎಂದರೆ ಹೊಸದಾಗಿ ಸಾಕುವವರು ನಂಬುವುದಿಲ್ಲ. ಈ ಚಟ ಅಂಟಿದ ಮೇಲೆ ಬಿಡಿಸುವುದು ಕಷ್ಟ, ಅಂಟದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

1. ಮೊದಲು ಶಾಖ ನೋಡಿ. ಮೊದಲ ವಾರ ಬ್ರೂಡರಿನಲ್ಲಿ, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡಿನಲ್ಲಿ, ಮರಿಗಳ ಮಟ್ಟಕ್ಕೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಲಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಮರಿಗಳು ಒತ್ತಾಗಿ ಗುಂಪುಗೂಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಸೆಕೆ ಹೆಚ್ಚಾದರೆ ಕುಕ್ಕಾಟವೂ ಹೆಚ್ಚು. ಬಲ್ಬನ್ನು ಒಂದು ಬದಿಗೆ ಕಟ್ಟಿ, ಇನ್ನೊಂದು ಬದಿ ತಂಪಾಗಿರಲಿ.

2. ಜಾಗ ಬೆಳೆಸುತ್ತಾ ಹೋಗಿ. 3 ಅಡಿ ಉದ್ದ, 2.5 ಅಡಿ ಅಗಲದ ಗೂಡು 100 ಮರಿಗಳಿಗೆ ಮೊದಲ ಎರಡು ವಾರ ಸಾಕು. ಮೂರನೇ ವಾರದಿಂದ 4 ಅಡಿ ಉದ್ದ, 2.5 ಅಡಿ ಅಗಲದ ಗೂಡಿಗೆ 50 ಮರಿ ಮಾತ್ರ. ಗರಿ ಮೂಡುವ ಈ ಹೊತ್ತಿನಲ್ಲಿ ಇಕ್ಕಟ್ಟಾದರೆ ಗರಿ ಕೀಳುವುದು ಶುರು.

3. ಬೆಳಕು ಮಂದವಾಗಿರಲಿ. ಮೇವು, ನೀರು ಗುರುತಿಸಲು ಮೊದಲೆರಡು ದಿನ ಚೆನ್ನಾಗಿ ಬೆಳಕು ಬೇಕು. ನಂತರ ಕಡಿಮೆ ಮಾಡಿ. ಕೆಂಪು ಬಲ್ಬಿನಡಿ ರಕ್ತದ ಕಲೆ ಎದ್ದು ಕಾಣುವುದಿಲ್ಲ. ನೇರ ಬಿಸಿಲು ಬೀಳದಂತೆ ಗೋಣಿ ಕಟ್ಟಿ.

4. ಮೇವಿನಲ್ಲಿ ಉಳಿತಾಯ ಬೇಡ. ಮರಿಗಳ ಮೇವಿನಲ್ಲಿ ಪ್ರೋಟೀನ್ ಶೇಕಡಾ 24–27 ಇರಬೇಕು, ಮೊಟ್ಟೆಕೋಳಿಯ ಮೇವು ಸಾಲದು. ಪ್ರೋಟೀನ್, ಉಪ್ಪು, ಮಿಥಿಯೋನಿನ್ ಕಡಿಮೆಯಾದರೆ ಪಕ್ಕದ ಮರಿಯ ಗರಿಯೇ ಆಹಾರವಾಗುತ್ತದೆ. ಮೇವಿನ ತಟ್ಟೆ, ನೀರು ಎರಡೆರಡು ಕಡೆ ಇಡಿ, ಬಡಕಲು ಮರಿಗೂ ಸಿಗಲಿ.

5. ಬರೀ ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲಿದ ಮರಿ ಎದ್ದು ಓಡಲಾರದು, ಉಳಿದವು ಅದನ್ನೇ ಕುಕ್ಕುತ್ತವೆ. ಗೋಣಿಚೀಲ ಹಾಸಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ.

6. ಕೊಕ್ಕಿಗೆ ಕೆಲಸ ಕೊಡಿ. ಒಂದು ವಾರ ತುಂಬಿದ ಮೇಲೆ ಎಳೆಯ ನುಗ್ಗೆಸೊಪ್ಪಿನ ಕಟ್ಟು ತೂಗುಹಾಕಿ, ಹೊರಳಾಡಲು ಒಣಮರಳಿನ ತಟ್ಟೆ ಇಡಿ.

7. ಗಾಯಗೊಂಡ ಮರಿಯನ್ನು ಕೂಡಲೇ ಬೇರೆ ಮಾಡಿ. ಗಾಯ ಪೂರ್ತಿ ಒಣಗುವವರೆಗೆ ಅದೇ ಬ್ರೂಡರಿನಲ್ಲಿ ಜಾಲರಿ ಅಡ್ಡಕಟ್ಟಿ ಇಡುವುದು ಒಳ್ಳೆಯದು. ಗುಂಪಿನ ಕಣ್ಣಿಗೆ ಕಾಣುತ್ತಿದ್ದರೆ ವಾಪಸು ಬಿಟ್ಟಾಗ ಅದನ್ನು ಹೊರಗಿನದೆಂದು ಅಟ್ಟುವುದು ಕಡಿಮೆ. ಬೇರೆ ಬೇರೆ ವಯಸ್ಸಿನ ಮರಿಗಳನ್ನು ಬೆರೆಸಲೇಬೇಡಿ.

8. ಮೂರು ವಾರಕ್ಕೆ ಗಂಡು, ಹೆಣ್ಣು ಗುರುತಿಸಿ. ಗಂಡಿನ ಎದೆ ಕಂದುಗೆಂಪು, ಹೆಣ್ಣಿನ ಎದೆಯಲ್ಲಿ ಕಪ್ಪು ಚುಕ್ಕೆ. ಬಲಿತ ಗಂಡುಗಳು ಒಂದರ ತಲೆ ಇನ್ನೊಂದು ಕುಕ್ಕುತ್ತವೆ. ಮರಿ ಮಾಡಿಸಲು ಇಟ್ಟುಕೊಂಡರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಬಿಡಿ.

ಕೊಕ್ಕು ಕತ್ತರಿಸಿದರೆ ಗಾಯ ಕಡಿಮೆಯಾದೀತು, ಕಾರಣ ಉಳಿದೇ ಉಳಿಯುತ್ತದೆ. ಮರಿ ಕುಕ್ಕುತ್ತಿದ್ದರೆ ಕತ್ತರಿಗೆ ಕೈ ಹಾಕುವ ಮೊದಲು ಶಾಖ, ಜಾಗ, ಬೆಳಕು, ಮೇವು ಈ ನಾಲ್ಕನ್ನೂ ಒಮ್ಮೆ ಪರೀಕ್ಷಿಸಿ.