ವಿಶಾಖದ ಉಪ್ಪುಗಾಳಿ, ವಿಜಯವಾಡದ ಬಿಸಿಲು: ಕಾರಿನ ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಕೆನಡಾದಂಥ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅಲ್ಲಿ ಕಾರುಗಳನ್ನು ತಿಂದುಹಾಕುವುದು ಆ ಉಪ್ಪೇ. ವಿಶಾಖಪಟ್ಟಣದಲ್ಲಿ ಈ ಕೆಲಸವನ್ನು ಕಡಲ ಗಾಳಿ ವರ್ಷವಿಡೀ ಮಾಡುತ್ತದೆ. ಆರ್.ಕೆ. ಬೀಚ್‌ನಿಂದ ಭೀಮಿಲಿವರೆಗಿನ ದಂಡೆಯಲ್ಲಿ ರಾತ್ರಿ ನಿಂತ ಕಾರಿನ ಬಾನೆಟ್ ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಜಿಗುಟು ಹತ್ತುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಬಂದರಿನ ಹತ್ತಿರವಾದರೆ ಕಲ್ಲಿದ್ದಲು, ಅದಿರಿನ ದೂಳೂ ಕೂಡಿಕೊಳ್ಳುತ್ತದೆ. ವಿಜಯವಾಡದ ಕಷ್ಟ ಬೇರೆ. ಮೇ ತಿಂಗಳ ಬಿಸಿಲಲ್ಲಿ ಹಕ್ಕಿಯ ಹಿಕ್ಕೆ ಬಣ್ಣವನ್ನು ಸುಡುತ್ತದೆ, ಗಡಸು ನೀರಿನ ಹನಿ ಒಣಗಿ ಬಿಳಿ ಉಂಗುರ ಬಿಡುತ್ತದೆ.

ಇವುಗಳಿಂದ ಬಣ್ಣ ಕಾಯಲು ಸೆರಾಮಿಕ್ ಕೋಟಿಂಗ್ ಎಂಬ ರಕ್ಷಾ ಪದರ ಹಾಕಿಸಲು ಎರಡೂ ಊರಿಗೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳೇ ಅನುಕೂಲ. ಬೇಸಿಗೆಯ ಬಿಸಿಗೆ ದ್ರವ ಹಚ್ಚುತ್ತಿದ್ದಂತೆಯೇ ಆರಿ ಪಟ್ಟೆ ಬೀಳುತ್ತದೆ.

ಕೋಟಿಂಗ್‌ಗೆ ಮುಂಚಿನ ತಯಾರಿಯಲ್ಲಿ ಮೊದಲು ಸಾಕಷ್ಟು ನೀರು ಬಿಟ್ಟು ಉಪ್ಪು, ದೂಳು ಹರಿದುಹೋಗಲಿ, ಆಮೇಲೆ ಶಾಂಪೂ. ಐರನ್ ರಿಮೂವರ್ ಸಿಂಪಡಿಸಿದರೆ ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣಗಳಿರುವಲ್ಲಿ ನೇರಳೆ ಬಣ್ಣ ಇಳಿಯುತ್ತದೆ. ಅದನ್ನು ತೊಳೆದು, ಕ್ಲೇ ಬಾರ್ ಆಡಿಸಿ, ಬೆರಳಿಗೆ ಗಾಜಿನಂತೆ ನುಣುಪಾದ ಮೇಲೆ ಪಾಲಿಶ್ ಮಾಡಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎಣ್ಣೆಯ ಅಂಶ ಒರೆಸಿ. ನಿಜವಾದ ಕೆಲಸ ಈ ತಯಾರಿಯೇ. ಇದನ್ನು ಅವಸರದಲ್ಲಿ ಮುಗಿಸಿದರೆ ಗೀರು, ಕಲೆಗಳೆಲ್ಲ ಕೋಟಿಂಗ್ ಅಡಿಯಲ್ಲಿ ಸಿಕ್ಕಿಬೀಳುತ್ತವೆ. ಎಷ್ಟು ವರ್ಷದ ಗ್ಯಾರಂಟಿ ಎಂದು ಕೇಳುವ ಮುಂಚೆ, ಈ ತಯಾರಿಗೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಅಂಗಡಿಯವರನ್ನು ಕೇಳಿ.

ಸೆರಾಮಿಕ್ ದ್ರವವನ್ನು ನೆರಳಿನಲ್ಲಿ, ಬಾಗಿಲು ಮುಚ್ಚಿದ ಶೆಡ್‌ನಲ್ಲೇ ಹಚ್ಚಬೇಕು. ಒಮ್ಮೆಗೆ ಎರಡು ಅಡಿ ಅಗಲದಷ್ಟೇ ಜಾಗ. ಕಾರಿನ ಮೈ ಮೇಲೆ ಕಾಮನಬಿಲ್ಲಿನ ಛಾಯೆ ಮೂಡಿದಾಗ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಒಂದು ದಿನವಾದರೂ ನೀರು, ಮಂಜು ತಾಗಬಾರದು. ಒಂದು ವಾರ ಶಾಂಪೂ ಬೇಡ. ಸೆರಾಮಿಕ್ ಬದಲು ವ್ಯಾಕ್ಸ್ ಹಚ್ಚಿಸಿದರೆ ಅಗ್ಗ, ಆದರೆ ಈ ಬಿಸಿಲಿಗೆ ಒಂದೆರಡು ತಿಂಗಳಲ್ಲಿ ಕರಗಿ ಹೋಗುತ್ತದೆ.

ಸೆರಾಮಿಕ್ ಪದರದ ದಪ್ಪ ಒಂದೆರಡು ಮೈಕ್ರಾನ್ ಮಾತ್ರ, ಕಲ್ಲೇಟನ್ನು ಅದು ತಡೆಯದು. ಎರಡೂ ಊರುಗಳ ನಡುವಿನ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಲಾರಿಗಳ ಹಿಂದೆ ಓಡುವ ಕಾರಿಗೆ ಬಂಪರ್, ಬಾನೆಟ್‌ಗಾದರೂ 150–200 ಮೈಕ್ರಾನ್‌ನ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಕಿಸುವುದು ಒಳ್ಳೆಯದು.

ಕೋಟಿಂಗ್ ಆದ ಮೇಲೂ ಅಪಾರ್ಟ್‌ಮೆಂಟ್‌ಗಳಲ್ಲಿ ದಿನಾ ಬೆಳಿಗ್ಗೆ ನಡೆಯುವ ಒಣಬಟ್ಟೆಯ ಒರೆಸಾಟವನ್ನು ದಯವಿಟ್ಟು ನಿಲ್ಲಿಸಿ. ಇಬ್ಬನಿಯಲ್ಲಿ ನೆನೆದ ದೂಳಿನ ಮೇಲೆ ಬಟ್ಟೆ ಎಳೆದರೆ ಮರಳು ಕಾಗದದಿಂದ ಉಜ್ಜಿದ ಹಾಗೆಯೇ. ಕೆಲಸದವರಿಗೆ ಎರಡು ಬಕೆಟ್, ಒಂದು ಮೈಕ್ರೋಫೈಬರ್ ಗ್ಲೌಸ್ ಕೊಟ್ಟು ವಾರಕ್ಕೊಮ್ಮೆ ತೊಳೆಯಲು ಹೇಳಿ. ವಿಶಾಖದವರು ಚಕ್ರದ ಕಮಾನು, ಕಾರಿನ ತಳಭಾಗಕ್ಕೂ ನೀರು ಹಾಯಿಸಬೇಕು; ತುಕ್ಕು ಮೊದಲು ಹುಟ್ಟುವುದು ಕಣ್ಣಿಗೆ ಬೀಳದ ಅಲ್ಲಿಯೇ. ಕಲ್ಲು ಸಿಡಿದು ತಗಡು ಕಂಡರೆ ಆ ವಾರವೇ ಟಚ್‌ಅಪ್ ಹಚ್ಚಿಸಿ.