ತೇಲುಕವಚವೂ ಮೈಯಳತೆಯೂ

ಸ್ಕೂಬಾ ಸಾಧನದೊಡನೆ ಕಡಲಿಗಿಳಿಯುವವರು ಗಾಳಿ ತುಂಬುವ ಕವಚವೊಂದನ್ನು ತೊಡುವರು. ಅದರೊಳಗೆ 1 ಲೀಟರು ಗಾಳಿ ಸೇರಿದರೆ ಅಷ್ಟೇ ಗಾತ್ರದ, ಸುಮಾರು 1 ಕಿಲೋಗ್ರಾಂ ತೂಕದ ನೀರು ಸರಿದು, ಅಷ್ಟು ಮೇಲ್ನೂಕು ದೊರೆಯುವುದೆಂದು ಆರ್ಕಿಮಿಡೀಸನ ತತ್ತ್ವದಿಂದ ನಾವು ಬಲ್ಲೆವು. ಆದರೆ ಈ ಬಲವು ಮೊದಲು ಎತ್ತುವುದು ಕವಚವನ್ನು, ಮೈಯನ್ನಲ್ಲ. ಪಟ್ಟಿಗಳು ಮೈಯನ್ನು ಸರಿಯಾಗಿ ಹಿಡಿದಿದ್ದರೆ ಮಾತ್ರ ಮೈಯೂ ಜೊತೆಗೆ ಏಳುವುದು. ಸಡಿಲವಾಗಿದ್ದರೆ ಕವಚವು ಕಿವಿಯವರೆಗೆ ಏರಿ, ಗಲ್ಲ ನೀರಿಗಿಳಿಯುವುದು.

ಗಂಡಸರ ಅಳತೆಯ ಕವಚವನ್ನು ಹೆಂಗಸರು ತೊಟ್ಟಾಗ ಈ ತೊಂದರೆ ಹೆಚ್ಚು. ಬೆನ್ನು ಗಿಡ್ಡವಾಗಿದ್ದರೆ ಕವಚದ ಕೆಳಅಂಚು ಸೊಂಟದ ತೂಕಪಟ್ಟಿಗೆ ತಗಲುವುದು. ಹೆಗಲು ಕಿರಿದಾಗಿದ್ದರೆ ಪಟ್ಟಿ ಜಾರುವುದು. ನೇರ ಪಟ್ಟಿ ಎದೆಯನ್ನು ಒತ್ತುವುದು, ಬಳುಕಿದ ಪಟ್ಟಿ ಒತ್ತದು. 'ಚಿಕ್ಕದು' ಎಂಬ ಚೀಟಿಯನ್ನು ನಂಬಿ ಫಲವಿಲ್ಲ. ತಲೆ ಬಾಗಿಸಿದಾಗ ಕತ್ತಿನ ಹಿಂದೆ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯವರೆಗಿನ ಉದ್ದವೇ ಮುಖ್ಯ.

ಪರೀಕ್ಷೆ ಸುಲಭ. ಮುಳುಗುಡುಪಿನ ಮೇಲೆ ಕವಚವನ್ನು ತೊಟ್ಟು ಬಿಗಿದು, ಗೆಳತಿಯೊಬ್ಬಳಿಂದ ಹೆಗಲಪಟ್ಟಿಗಳನ್ನು ಮೇಲೆತ್ತಿಸಬೇಕು. ಕವಚವೊಂದೇ ಏರಿ ಗಲ್ಲವನ್ನು ಮುಟ್ಟಿದರೆ ಅದು ದೊಡ್ಡದು. ಬಳಿಕ ಪೂರ್ತಿ ಗಾಳಿ ತುಂಬಿ ದೀರ್ಘವಾಗಿ ಉಸಿರೆಳೆಯಬೇಕು. ಪಕ್ಕೆಲುಬು ಹಿಂಡಿದಂತಾದರೆ ಚಿಕ್ಕದು. ಎರಡರಲ್ಲೂ ಗೆದ್ದ ಕವಚಕ್ಕೂ, ಸಿಲಿಂಡರು ಕಟ್ಟಿ ಈಜುಕೊಳದಲ್ಲಿ ಒಮ್ಮೆ ತೇಲಿ ನೋಡಿದ ಮೇಲೆಯೇ ಹಣ ಕೊಡುವುದು ಲೇಸು.